ಎಲ್ಲ 2.4 ಗಿಗಾಹರ್ಟ್ಸ್ ರೇಡಿಯೊಗಳೂ ಒಂದಕ್ಕೊಂದು ಹೊಂದುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ರೇಡಿಯೊ ನಿಯಂತ್ರಿತ ಮಾದರಿ ವಿಮಾನ, ದೋಣಿ ಮತ್ತು ಕಾರುಗಳ ಹವ್ಯಾಸವನ್ನು ಕುರಿತು ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಬಾಲ್ಸಾ ಕಟ್ಟಿಗೆಯನ್ನು ಕೊಯ್ದು, ಅಂಟು ಹಚ್ಚಿ, ತಿಂಗಳುಗಟ್ಟಲೆ ಕೂತು ಮಾಡಿದ ವಸ್ತು ಗಾಳಿಗೇರುವುದನ್ನು ನೋಡುವ ಸುಖ ಎಂಥದೆಂಬುದನ್ನು ಲೇಖಕರು ಚೆನ್ನಾಗಿ ಹಿಡಿದಿಟ್ಟಿದ್ದಾರೆ. ಆದರೆ ಹೊಸಬರಿಗೆ ಸಲಹೆ ಕೊಡುವ ಭಾಗದಲ್ಲಿ, ಈಗ ಸಿಗುವ ಸೆಟ್‌ಗಳೆಲ್ಲ 2.4 ಗಿಗಾಹರ್ಟ್ಸ್‌ನವೇ ಆಗಿರುವುದರಿಂದ ಯಾವ ಟ್ರಾನ್ಸ್‌ಮಿಟರ್‌ಗೆ (ಕೈಯಲ್ಲಿ ಹಿಡಿದು ಆದೇಶ ಕಳುಹಿಸುವ ಪೆಟ್ಟಿಗೆ) ಯಾವ ರಿಸೀವರ್ ಅನ್ನು (ಮಾದರಿಯೊಳಗೆ ಕೂತು ಅದನ್ನು ಕೇಳಿಸಿಕೊಳ್ಳುವ ಸಾಧನ) ಬೇಕಾದರೂ ಜೋಡಿಸಬಹುದು ಎಂದು ಅವರು ಬರೆದಿರುವುದು ಸರಿಯಲ್ಲ. ಈ ಮಾತನ್ನು ನಂಬಿದವರಿಗೆ ಮೊದಲು ಹಣ, ಆಮೇಲೆ ಉತ್ಸಾಹ, ಕೆಲವೊಮ್ಮೆ ಮಾದರಿಯೇ ನಷ್ಟವಾಗುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾದರೂ ಈ ವಿಷಯವನ್ನು ಬಿಡಿಸಿ ಬರೆಯಲು ಅವಕಾಶ ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ.

ಲೇಖನ ಪ್ರಕಟವಾದ ಕೆಲವೇ ದಿನಗಳಲ್ಲಿ ಪರಿಚಿತರ ಮಗ, ಹೈಸ್ಕೂಲು ಓದುವ ಹುಡುಗ, ಒಂದು ಟ್ರಾನ್ಸ್‌ಮಿಟರ್ ಮತ್ತು ಬೇರೆಯಾಗಿ ಕೊಂಡ ಒಂದು ರಿಸೀವರ್ ಹಿಡಿದುಕೊಂಡು ನನ್ನಲ್ಲಿಗೆ ಬಂದ. ಎರಡರ ಮೇಲೂ 2.4 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಎರಡೂ ಒಬ್ಬರೇ ತಯಾರಕರವು. ಎರಡು ದಿನ ಬೈಂಡ್ ಮಾಡಲು, ಅಂದರೆ ಒಂದಕ್ಕೊಂದು ಪರಿಚಯ ಮಾಡಿಸಿ ಜೋಡಿಸಲು, ಹೆಣಗಿದರೂ ರಿಸೀವರ್‌ನ ಕೆಂಪು ದೀಪ ಮಿನುಗುತ್ತಲೇ ಇತ್ತೇ ಹೊರತು ಸ್ಥಿರವಾಗಲಿಲ್ಲ. ತಾನೇ ಏನೋ ಕೆಡಿಸಿದೆನೆಂದು ಅವನು ಹೆದರಿದ್ದ. ರಿಸೀವರ್ ಅನ್ನು ತಿರುಗಿಸಿ ಹಿಂಬದಿಯ ಚೀಟಿಯ ಮೇಲಿದ್ದ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದಾಗ ಕಾರಣ ತಿಳಿಯಿತು. ಅದು ಆ ಕಂಪನಿಯ ಹಳೆಯ ಪೀಳಿಗೆಯ ಪ್ರೊಟೊಕಾಲ್‌ನದು (ರೇಡಿಯೊಗಳು ಪರಸ್ಪರ ಮಾತಾಡುವ ಭಾಷೆ), ಟ್ರಾನ್ಸ್‌ಮಿಟರ್ ಹೊಸ ಪೀಳಿಗೆಯದು. ಎರಡರಲ್ಲಿಯೂ ಯಾವ ದೋಷವೂ ಇರಲಿಲ್ಲ, ಅವು ಎಂದಿಗೂ ಜೋಡಿಯಾಗುವಂಥವಲ್ಲ, ಅಷ್ಟೇ.

ತರಂಗಾಂತರ (ಫ್ರೀಕ್ವೆನ್ಸಿ) ಬೇರೆ, ಭಾಷೆ ಬೇರೆ. 2.4 ಗಿಗಾಹರ್ಟ್ಸ್ ಎಂಬುದು 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಒಂದು ಪಟ್ಟಿಯ (ಬ್ಯಾಂಡ್‌ನ) ಹೆಸರು. ಬ್ಲೂಟೂತ್ ಇರುವುದು ಅಲ್ಲಿಯೇ, ಮನೆಯ ವೈಫೈ ಕೂಡ ಅದನ್ನು ಬಳಸುತ್ತದೆ. ಆ ಪಟ್ಟಿಯೊಳಗೆ ಯಾವ ಕ್ರಮದಲ್ಲಿ ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯಬೇಕು, ಟ್ರಾನ್ಸ್‌ಮಿಟರ್‌ನ ನಿಯಂತ್ರಣ ಕೋಲಿನ ಸ್ಥಾನವನ್ನು ಯಾವ ಸಂಕೇತದಲ್ಲಿ ಕಳುಹಿಸಬೇಕು, ತನ್ನ ಗುರುತಿನ ಸಂಖ್ಯೆಯನ್ನು ಎಲ್ಲಿ ಸೇರಿಸಬೇಕು ಎಂಬುದನ್ನು ಪ್ರತಿ ತಯಾರಕರೂ ತಮ್ಮದೇ ರೀತಿಯಲ್ಲಿ ಗೊತ್ತುಮಾಡಿದ್ದಾರೆ. ಫುಟಾಬಾ ಕಂಪನಿಯೊಂದರಲ್ಲಿಯೇ ಫಾಸ್ಟ್, ಎಸ್-ಎಫ್‌ಎಚ್‌ಎಸ್‌ಎಸ್, ಟಿ-ಎಫ್‌ಎಚ್‌ಎಸ್‌ಎಸ್, ಫಾಸ್ಟೆಸ್ಟ್ ಎಂದು ಬೇರೆ ಬೇರೆ ಪದ್ಧತಿಗಳಿವೆ. ಸ್ಪೆಕ್ಟ್ರಮ್ ಎಂಬ ಕಂಪನಿಯಲ್ಲಿ ಡಿಎಸ್‌ಎಂ2 ಮತ್ತು ಡಿಎಸ್‌ಎಂಎಕ್ಸ್ ಇವೆ. ಮೊದಲನೆಯದು ಆರಂಭದಲ್ಲಿ ಎರಡು ಚಾನೆಲ್ ಹಿಡಿದು ಅಲ್ಲಿಯೇ ನಿಲ್ಲುವಂಥದ್ದು, ಎರಡನೆಯದು ನಿರಂತರವಾಗಿ ಜಿಗಿಯುವಂಥದ್ದು. ಫ್ಲೈಸ್ಕೈಯಲ್ಲಿ ಎಎಫ್‌ಎಚ್‌ಡಿಎಸ್ ಮತ್ತು ಎಎಫ್‌ಎಚ್‌ಡಿಎಸ್ 2ಎ, ಎಫ್‌ಆರ್‌ಸ್ಕೈಯಲ್ಲಿ ಡಿ8, ಡಿ16 ಮತ್ತು ಆಕ್ಸೆಸ್ ಇವೆ. ಇವುಗಳಲ್ಲಿ ಕೆಲವನ್ನು ಒಂದೇ ಟ್ರಾನ್ಸ್‌ಮಿಟರ್ ಮೆನುವಿನಿಂದ ಆರಿಸಿಕೊಳ್ಳಬಲ್ಲದು, ಕೆಲವನ್ನು ಆಗದು. ಹೀಗಾಗಿ ರಿಸೀವರ್ ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಪ್ರೊಟೊಕಾಲ್‌ನ ಹೆಸರನ್ನು ಅಕ್ಷರ ಅಕ್ಷರವಾಗಿ ಹೊಂದಿಸಿ ನೋಡಬೇಕು.

ಲೇಖಕರ ಅಭಿಪ್ರಾಯಕ್ಕೆ ಒಂದು ಹಿನ್ನೆಲೆ ಇದ್ದಿರಬಹುದು ಎಂದು ನನಗೆ ಅನ್ನಿಸುತ್ತದೆ. ಹಳೆಯ ಕಾಲದಲ್ಲಿ, ಅಂದರೆ 27, 35, 40 ಅಥವಾ 72 ಮೆಗಾಹರ್ಟ್ಸ್‌ನ ಸೆಟ್‌ಗಳಿದ್ದಾಗ, ಟ್ರಾನ್ಸ್‌ಮಿಟರ್‌ಗೊಂದು, ರಿಸೀವರ್‌ಗೊಂದು ಕ್ರಿಸ್ಟಲ್ ಹಾಕಿ ಚಾನೆಲ್ ಹೊಂದಿಸುತ್ತಿದ್ದೆವು. ಆಗಿನ ಸಾಮಾನ್ಯ ಎಫ್‌ಎಂ ರಿಸೀವರ್‌ಗಳು ಸಂಕೇತದ ದಿಕ್ಕು ಹೊಂದಿದರೆ ಬೇರೆ ಕಂಪನಿಯ ಟ್ರಾನ್ಸ್‌ಮಿಟರ್‌ನೊಂದಿಗೂ ಕೆಲಸ ಮಾಡುತ್ತಿದ್ದವು. ಆ ಅನುಕೂಲಕ್ಕೆ ತಕ್ಕ ಅಪಾಯವೂ ಇತ್ತು. ಮೈದಾನದಲ್ಲಿ ಒಂದು ಹಲಗೆ ನಿಲ್ಲಿಸಿ, ಪ್ರತಿ ಚಾನೆಲ್‌ಗೆ ಒಂದೊಂದು ಕ್ಲಿಪ್ ಸಿಕ್ಕಿಸಿರುತ್ತಿದ್ದರು. ತನ್ನ ಚಾನೆಲ್‌ನ ಕ್ಲಿಪ್ ಕೈಗೆ ಬರುವವರೆಗೆ ಯಾರೂ ಟ್ರಾನ್ಸ್‌ಮಿಟರ್ ಹಚ್ಚುವಂತಿರಲಿಲ್ಲ. ಯಾರೋ ಒಬ್ಬರು ಮರೆತು ಸ್ವಿಚ್ ಒತ್ತಿದರೆ ಆಕಾಶದಲ್ಲಿದ್ದ ಇನ್ನೊಬ್ಬರ ವಿಮಾನ ಆ ಕ್ಷಣವೇ ಹತೋಟಿ ತಪ್ಪುತ್ತಿತ್ತು. 2000ರ ದಶಕದ ಮಧ್ಯದಲ್ಲಿ 2.4 ಗಿಗಾಹರ್ಟ್ಸ್ ಸೆಟ್‌ಗಳು ಬಂದ ಮೇಲೆ ಈ ಭಯ ಹೋಯಿತು. ಪ್ರತಿ ಟ್ರಾನ್ಸ್‌ಮಿಟರ್‌ಗೂ ತನ್ನದೇ ಗುರುತಿನ ಸಂಖ್ಯೆ ಇದ್ದು, ಅದನ್ನು ನೆನಪಿಟ್ಟುಕೊಂಡ ರಿಸೀವರ್ ಮಿಕ್ಕವರ ಮಾತಿಗೆ ಕಿವಿಗೊಡುವುದಿಲ್ಲ. ಹಾಗೆ ನೆನಪಿಟ್ಟುಕೊಳ್ಳುವಂತೆ ಮಾಡುವ ಕೆಲಸಕ್ಕೇ ಬೈಂಡ್ ಮಾಡುವುದು ಎನ್ನುತ್ತೇವೆ. ಕ್ಲಿಪ್ಪಿನ ಹಲಗೆ ಹೋಯಿತು, ಅದರ ಜೊತೆಗೇ ಯಾವುದಕ್ಕೆ ಯಾವುದನ್ನಾದರೂ ಹಾಕುವ ಸೌಕರ್ಯವೂ ಹೋಯಿತು.

ಹೊಸಬರು ಸಾಮಾನ್ಯವಾಗಿ ಟ್ರಾನ್ಸ್‌ಮಿಟರ್‌ನ ಪರದೆ, ಗುಂಡಿಗಳು ಮತ್ತು ಚಂದವನ್ನು ನೋಡಿ ಆರಿಸುತ್ತಾರೆ. ನನ್ನ ಅನುಭವದಲ್ಲಿ ಲೆಕ್ಕ ಬೇರೆಯೇ ಇದೆ. ಟ್ರಾನ್ಸ್‌ಮಿಟರ್ ಅನ್ನು ಒಮ್ಮೆ ಕೊಳ್ಳುತ್ತೇವೆ, ರಿಸೀವರ್‌ಗಳನ್ನು ಪ್ರತಿ ಮಾದರಿಗೊಂದರಂತೆ ಹವ್ಯಾಸ ಇರುವವರೆಗೂ ಕೊಳ್ಳುತ್ತಲೇ ಇರುತ್ತೇವೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಈ ಪದ್ಧತಿಯಲ್ಲಿ ನನಗೆ ಬೇಕಾದ ಬಗೆಯ ರಿಸೀವರ್‌ಗಳು ಸುಲಭವಾಗಿ ಸಿಗುತ್ತವೆಯೇ, ಮುಂದೆಯೂ ಸಿಗುವ ಸಂಭವವಿದೆಯೇ ಎಂಬುದು. ಎರಡನೆಯ ಪ್ರಶ್ನೆ, ಮೈದಾನದಲ್ಲಿ ಜೊತೆಗಿರುವ ಅನುಭವಿಗಳು ಯಾವುದನ್ನು ಬಳಸುತ್ತಾರೆ ಎಂಬುದು; ಕೆಟ್ಟಾಗ ಕೈ ಹಿಡಿಯುವವರು ಅವರೇ. ಕೋಲುಗಳ ವ್ಯವಸ್ಥೆಯಲ್ಲಿಯೂ ಇದೇ ಮಾತು. ಮೋಟಾರ್‌ನ ವೇಗ ಏರಿಳಿಸುವ ಥ್ರಾಟಲ್ ಕೋಲು ಎಡಗೈಯಲ್ಲಿದ್ದರೆ ಮೋಡ್ 2, ಬಲಗೈಯಲ್ಲಿದ್ದರೆ ಮೋಡ್ 1. ಎರಡರಲ್ಲಿ ಯಾವುದೂ ಕೀಳಲ್ಲ, ಆದರೆ ಕಲಿಸುವವರದು ಒಂದು, ಕಲಿಯುವವರದು ಇನ್ನೊಂದಾದರೆ ತುರ್ತಿನಲ್ಲಿ ಅವರು ಟ್ರಾನ್ಸ್‌ಮಿಟರ್ ಕೈಗೆತ್ತಿಕೊಂಡು ವಿಮಾನವನ್ನು ಉಳಿಸಿಕೊಡಲಾರರು.

ಮಾದರಿಯ ಒಂದೊಂದು ಚಲನೆಯನ್ನು ನಿಯಂತ್ರಿಸುವ ದಾರಿಗೂ ಚಾನೆಲ್ ಎಂದೇ ಹೆಸರು, ಅವುಗಳ ಸಂಖ್ಯೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾರಿಗೂ ಸಾದಾ ದೋಣಿಗೂ ಎರಡು ಸಾಕು, ವಿಮಾನಕ್ಕೆ ಸಾಮಾನ್ಯವಾಗಿ ನಾಲ್ಕು ಬೇಕು, ರೆಕ್ಕೆಗಳ ಕೋನ ಬದಲಿಸುವ ಹೆಲಿಕಾಪ್ಟರ್‌ಗೂ ಫ್ಲಾಪ್ ಇರುವ ಗ್ಲೈಡರ್‌ಗೂ ಆರು ಅಥವಾ ಹೆಚ್ಚು ಬೇಕು. ನೀರಿನೊಳಗೆ ಮುಳುಗುವ ಜಲಾಂತರ್ಗಾಮಿ ಮಾದರಿ ಮಾಡುವವರು ಮಾತ್ರ ಪ್ರತ್ಯೇಕವಾಗಿ ಯೋಚಿಸಬೇಕು. 2.4 ಗಿಗಾಹರ್ಟ್ಸ್ ಅಲೆಗಳು ನೀರಿನಲ್ಲಿ ಬಹುಬೇಗ ಹೀರಿಹೋಗುವುದರಿಂದ ಆ ಹವ್ಯಾಸಿಗಳು ಇಂದಿಗೂ ಹಳೆಯ ಕಡಿಮೆ ತರಂಗಾಂತರದ ಸೆಟ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಹಲವು ಭಾಷೆ ಬಲ್ಲ ಟ್ರಾನ್ಸ್‌ಮಿಟರ್‌ಗಳೂ ಈಗ ಇವೆ. ಅವುಗಳೊಳಗಿನ ಮಲ್ಟಿಪ್ರೊಟೊಕಾಲ್ ಮಾಡ್ಯೂಲ್‌ನಲ್ಲಿ ನಾಲ್ಕು ಬಗೆಯ ರೇಡಿಯೊ ಚಿಪ್‌ಗಳಿದ್ದು, ಅವು ಎಫ್‌ಆರ್‌ಸ್ಕೈ, ಫ್ಲೈಸ್ಕೈ, ಸ್ಪೆಕ್ಟ್ರಮ್ ಮತ್ತು ಹಲವು ಆಟಿಕೆ ಡ್ರೋನ್‌ಗಳ ಪದ್ಧತಿಗಳನ್ನು ಅನುಕರಿಸುತ್ತವೆ. ಬೇರೆ ಬೇರೆ ಕಾಲದಲ್ಲಿ ಕೊಂಡ ಮಾದರಿಗಳಿರುವವರಿಗೆ ಇದು ನಿಜವಾಗಿ ಉಪಕಾರಿ, ನಾನೂ ಬಳಸುತ್ತೇನೆ. ಆದರೆ ಅದು ಎಲ್ಲವನ್ನೂ ಬಲ್ಲದೆಂದು ತಿಳಿಯಬಾರದು. ಫುಟಾಬಾದ ಎಸ್-ಎಫ್‌ಎಚ್‌ಎಸ್‌ಎಸ್ ಅದರಿಂದ ಆಗುತ್ತದೆ, ಫಾಸ್ಟ್ ಆಗುವುದಿಲ್ಲ. ಇನ್ನೊಂದು ಸೂಕ್ಷ್ಮ ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಸಿಸಿ2500 ಎಂಬ ಚಿಪ್ ಬಳಸುವ ಪದ್ಧತಿಗಳಲ್ಲಿ, ಮಾಡ್ಯೂಲ್ ಮತ್ತು ರಿಸೀವರ್‌ಗಳ ತರಂಗಾಂತರಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಮೇಜಿನ ಮೇಲೆ ಎರಡೂ ಹತ್ತಿರವಿರುವುದರಿಂದ ಬೈಂಡ್ ಸಲೀಸಾಗಿ ಆಗಿಬಿಡುತ್ತದೆ. ಮಾದರಿ ದೂರ ಹೋದ ಮೇಲೆ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಇದಕ್ಕೆ ಮೆನುವಿನಲ್ಲಿ ಋಣ 127ರಿಂದ ಧನ 127ರವರೆಗೆ ಸರಿಪಡಿಸುವ ಒಂದು ಅಂಕಿ ಇದೆ. ಅದನ್ನು ಕೆಳಗಿಳಿಸುತ್ತಾ ಹೋಗಿ ಸಂಪರ್ಕ ತಪ್ಪುವ ಅಂಕಿಯನ್ನೂ, ಮೇಲೇರಿಸುತ್ತಾ ಹೋಗಿ ತಪ್ಪುವ ಅಂಕಿಯನ್ನೂ ಬರೆದಿಟ್ಟುಕೊಂಡು, ಎರಡರ ನಡುಮಧ್ಯದಲ್ಲಿ ನಿಲ್ಲಿಸಬೇಕು. ಹತ್ತು ನಿಮಿಷದ ಕೆಲಸ, ಆದರೆ ಮಾಡದವರೇ ಹೆಚ್ಚು.

ದೂರದ ಹಾರಾಟದವರು ಮೆಚ್ಚುವ ಕ್ರಾಸ್‌ಫೈರ್ ಮತ್ತು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಪದ್ಧತಿಗಳಲ್ಲಿಯೂ ಜೋಡಿಯ ಪ್ರಶ್ನೆ ತಪ್ಪಿದ್ದಲ್ಲ. ಅವುಗಳ ಕಡಿಮೆ ತರಂಗಾಂತರದ ಸಾಧನಗಳು ಯುರೋಪಿನಲ್ಲಿ 868, ಅಮೆರಿಕದಲ್ಲಿ 915 ಮೆಗಾಹರ್ಟ್ಸ್ ಬಳಸುತ್ತವೆ. ತಮ್ಮ ದೇಶದ ನಿಯಮ ಯಾವುದಕ್ಕೆ ಅನುಮತಿ ಕೊಟ್ಟಿದೆ ಎಂಬುದನ್ನು ತಿಳಿದ ಮೇಲೆಯೇ ಕೊಳ್ಳಬೇಕು. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ 2.4 ಗಿಗಾಹರ್ಟ್ಸ್‌ನ ರಿಸೀವರ್ 900ರ ಆಸುಪಾಸಿನ ಟ್ರಾನ್ಸ್‌ಮಿಟರ್‌ಗೆ ಕೂಡದು. ತರಂಗಾಂತರ ಕೂಡಿದರೂ ಸಾಧನದೊಳಗಿನ ತಂತ್ರಾಂಶದ, ಅಂದರೆ ಫರ್ಮ್‌ವೇರ್‌ನ, ಮುಖ್ಯ ಆವೃತ್ತಿ ಎರಡೂ ಕಡೆ ಒಂದೇ ಇರಬೇಕು. 2ನೆಯದು 3ನೆಯದರೊಡನೆ ಮಾತಾಡುವುದಿಲ್ಲ. ಎಫ್‌ಆರ್‌ಸ್ಕೈಯಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿದೆ. ಯುರೋಪಿನ ನಿಯಮಕ್ಕೆ ತಕ್ಕಂತೆ, ಪ್ರಸಾರಕ್ಕೆ ಮೊದಲು ಚಾನೆಲ್ ಖಾಲಿಯಿದೆಯೇ ಎಂದು ಆಲಿಸುವ ಫರ್ಮ್‌ವೇರ್ ಒಂದು, ಬೇರೆಡೆಗೆ ಇನ್ನೊಂದು. ಒಂದೇ ಹೆಸರಿನ, ಒಂದೇ ಬಣ್ಣದ, ಒಂದೇ ಪೆಟ್ಟಿಗೆಯ ರಿಸೀವರ್ ಆದರೂ ಫರ್ಮ್‌ವೇರ್ ಬೇರೆಯಾದರೆ ಬೈಂಡ್ ಆಗದು. ಇಂಥ ಸಂದರ್ಭದಲ್ಲಿ ವಸ್ತುವನ್ನು ಹಿಂದಿರುಗಿಸುವ ಮೊದಲು ಎರಡೂ ಕಡೆಯ ಆವೃತ್ತಿಯನ್ನು ಓದಿ ನೋಡಿದರೆ ಬಹಳಷ್ಟು ಸಲ ತೊಂದರೆ ಅಲ್ಲಿಯೇ ಪರಿಹಾರವಾಗುತ್ತದೆ.

ರಿಸೀವರ್ ಬೈಂಡ್ ಆಯಿತು ಎಂದರೆ ಅದು ನಮ್ಮ ಮಾದರಿಗೆ ಒಗ್ಗಿತು ಎಂದಲ್ಲ. ಮಾದರಿಯ ಭಾಗಗಳನ್ನು ತಿರುಗಿಸುವ ಪುಟ್ಟ ಯಂತ್ರಗಳಾದ ಸರ್ವೊಗಳಿಗೆ ನೇರವಾಗಿ ತಂತಿ ಕೊಡುವುದಾದರೆ ಪ್ರತಿ ಚಾನೆಲ್‌ಗೂ ಪ್ರತ್ಯೇಕ ಪಿನ್ ಸಾಲು ಇರುವ, ಪಿಡಬ್ಲ್ಯುಎಂ ಸಂಕೇತ ಕೊಡುವ ರಿಸೀವರ್ ಬೇಕು. ಅಲ್ಲಿ ಸುಮಾರು 1ರಿಂದ 2 ಮಿಲಿಸೆಕೆಂಡ್ ಅಗಲದ ಮಿಡಿತವೇ ಸರ್ವೊದ ಕೈಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತದೆ, 1.5 ಎಂದರೆ ಮಧ್ಯ. ಡ್ರೋನ್‌ಗಳ ಹಾರಾಟವನ್ನು ನಿಭಾಯಿಸುವ ಫ್ಲೈಟ್ ಕಂಟ್ರೋಲರ್‌ಗೆ ಕೊಡುವುದಾದರೆ ಎಲ್ಲ ಚಾನೆಲ್‌ಗಳನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಎಸ್‌ಬಸ್‌ನಂಥ ಸರಣಿ ಸಂಕೇತ ಬೇಕು. ಉಗುರಿನಷ್ಟು ಗಾತ್ರದ ರಿಸೀವರ್ ಕೊಂಡು ತಂದು, ಸರ್ವೊ ಸಿಕ್ಕಿಸಲು ಅದರಲ್ಲಿ ಪಿನ್‌ಗಳೇ ಇಲ್ಲವೆಂದು ಕೊರಗಿದವರನ್ನು ನಾನು ಕಂಡಿದ್ದೇನೆ. ಚಾನೆಲ್‌ಗಳ ಅನುಕ್ರಮವೂ ಎಲ್ಲರದೂ ಒಂದೇ ಅಲ್ಲ. ಫುಟಾಬಾ ಸಂಪ್ರದಾಯದಲ್ಲಿ ಥ್ರಾಟಲ್ ಮೂರನೆಯದು, ಸ್ಪೆಕ್ಟ್ರಮ್ ಮತ್ತು ಜೆಆರ್ ಸಂಪ್ರದಾಯದಲ್ಲಿ ಅದು ಮೊದಲನೆಯದು. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬಂದವರು ತಂತಿಗಳನ್ನು ಹಳೆಯ ಅಭ್ಯಾಸದಂತೆ ಸಿಕ್ಕಿಸಿದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲರಾನ್ ಕೋಲು ಸರಿಸಿದಾಗ ಮೋಟಾರ್ ತಿರುಗೀತು.

ಇನ್ನು ವಿದ್ಯುತ್ತು. ರೇಡಿಯೊ ಕೈಕೊಟ್ಟಿತು ಎಂದು ದೂರುವ ಪ್ರಕರಣಗಳಲ್ಲಿ ನಾನು ಬಿಚ್ಚಿ ನೋಡಿದ ಹಲವುಗಳಿಗೆ ಕಾರಣ ಬ್ಯಾಟರಿಯ ಕಡೆಗೆ ಇತ್ತು. ರಿಸೀವರ್ ಎಂಬುದು ಒಂದು ಪುಟ್ಟ ಕಂಪ್ಯೂಟರ್. ಬಲವಾದ ಡಿಜಿಟಲ್ ಸರ್ವೊಗಳೆಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜ್ ಒಂದು ಕ್ಷಣ ಕುಸಿದರೂ ಅದು ನಿಂತು ಮತ್ತೆ ಮೊದಲಿನಿಂದ ಆರಂಭವಾಗಬೇಕಾಗುತ್ತದೆ, ಅಷ್ಟರಲ್ಲಿ ವಿಮಾನ ನೆಲ ಕಂಡಿರುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಎರಡು ಕೋಶದ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ 8.4 ವೋಲ್ಟ್ ಇರುತ್ತದೆ, 4.8 ಅಥವಾ 6 ವೋಲ್ಟ್‌ಗೆಂದು ಮಾಡಿದ ಹಳೆಯ ಸರ್ವೊಗಳಿಗೆ ಅದನ್ನು ನೇರವಾಗಿ ಕೊಟ್ಟರೆ ಅವು ಸುಟ್ಟುಹೋಗಬಹುದು. ರಿಸೀವರ್ ಎಷ್ಟು ವೋಲ್ಟ್ ತಡೆಯುತ್ತದೆ ಎಂದು ನೋಡಿದವರು ಅದೇ ತಂತಿಯ ಕೊನೆಯಲ್ಲಿರುವ ಸರ್ವೊವನ್ನೂ ನೋಡಬೇಕು.

ಬೈಂಡ್ ಮಾಡುವ ಕ್ರಮವನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಇಲ್ಲಿ ಬರೆಯಬೇಕು. ಒಂದು ಸಂಜೆ ವಿದ್ಯುತ್ ಗ್ಲೈಡರ್ ಒಂದಕ್ಕೆ ಹೊಸ ರಿಸೀವರ್ ಹಾಕಿ, ಅವಸರದಲ್ಲಿ ಪ್ರೊಪೆಲ್ಲರ್ ಕಳಚದೆ ಬೈಂಡ್ ಮಾಡಿದೆ. ಯಾವುದೋ ಪರೀಕ್ಷೆಗೆಂದು ಥ್ರಾಟಲ್ ಕೋಲನ್ನು ಮುಂಚೆ ಅರ್ಧಕ್ಕೆ ಏರಿಸಿದ್ದೆ, ಕೆಳಗಿಳಿಸುವುದನ್ನು ಮರೆತಿದ್ದೆ. ಆ ರಿಸೀವರ್ ಬೈಂಡ್ ಆದ ಗಳಿಗೆಯಲ್ಲಿ ಕೋಲುಗಳು ಎಲ್ಲಿದ್ದವೋ ಆ ಸ್ಥಾನಗಳನ್ನೇ ಫೇಲ್‌ಸೇಫ್, ಅಂದರೆ ಸಂಪರ್ಕ ತಪ್ಪಿದಾಗ ಪಾಲಿಸಬೇಕಾದ ಸ್ಥಾನ, ಎಂದು ಉಳಿಸಿಕೊಳ್ಳುವ ಬಗೆಯದು. ದೀಪ ಸ್ಥಿರವಾಯಿತು, ಕೋಲು ಕೆಳಗಿಳಿಸಿ ಸರ್ವೊಗಳನ್ನೆಲ್ಲ ನೋಡಿದೆ, ಸರಿಯಾಗಿದ್ದವು. ಕೆಲಸ ಮುಗಿಯಿತೆಂದು ಮೊದಲು ಟ್ರಾನ್ಸ್‌ಮಿಟರ್‌ನ ಸ್ವಿಚ್ ಆರಿಸಿದೆ. ಅರೆಕ್ಷಣ ಮೌನ, ಆಮೇಲೆ ಮೋಟಾರ್ ಅರ್ಧ ವೇಗದಲ್ಲಿ ಎದ್ದಿತು. ಮೇಜಿನ ಮೇಲಿದ್ದ ನಕ್ಷೆಯ ಹಾಳೆ ಚೂರು ಚೂರಾಗಿ ಹಾರಿತು, ಮಾದರಿ ಗೋಡೆಗೆ ಬಡಿಯಿತು, ಬ್ಯಾಟರಿ ಕೀಳಲು ಹೋದ ನನ್ನ ಎಡಗೈ ಹೆಬ್ಬೆರಳಿನ ಮೇಲೆ ಆದ ಗಾಯದ ಗುರುತು ಈಗಲೂ ಇದೆ. ರಿಸೀವರ್ ತನಗೆ ಹೇಳಿದ್ದನ್ನೇ ಮಾಡಿತು. ಸಂಪರ್ಕ ತಪ್ಪಿದರೆ ಮೋಟಾರ್ ಅನ್ನು ಅರ್ಧ ವೇಗದಲ್ಲಿ ಓಡಿಸೆಂದು ಅದಕ್ಕೆ ಹೇಳಿದವನು ನಾನು.

ಆದ್ದರಿಂದ ಪ್ರೊಪೆಲ್ಲರ್ ಕಳಚುವುದು, ಕಾರಾದರೆ ಚಕ್ರಗಳನ್ನು ನೆಲದಿಂದ ಎತ್ತಿಡುವುದು ಮೊದಲ ಹೆಜ್ಜೆ. ಆಮೇಲೆ ಟ್ರಾನ್ಸ್‌ಮಿಟರ್‌ನಲ್ಲಿ ಹೊಸ ಮಾದರಿಗೆ ಹೊಸ ಸ್ಮೃತಿ ತೆರೆದು, ಪ್ರೊಟೊಕಾಲ್ ಆರಿಸಿ, ಥ್ರಾಟಲ್ ಅನ್ನು ಪೂರ್ತಿ ಕೆಳಗಿಳಿಸಬೇಕು. ರಿಸೀವರ್‌ನಲ್ಲಿ ಗುಂಡಿ ಇದ್ದರೆ ಅದನ್ನು ಒತ್ತಿ ಹಿಡಿದು ಬ್ಯಾಟರಿ ಕೊಡಬೇಕು. ಕೆಲವಕ್ಕೆ ಬೈಂಡ್ ಪ್ಲಗ್ ಎಂಬ, ತಂತಿಯ ಕುಣಿಕೆಯಿರುವ ಪುಟ್ಟ ಪ್ಲಗ್ ಸಿಕ್ಕಿಸಬೇಕು. ಬೈಂಡ್ ಆದ ಮೇಲೆ ಆ ಪ್ಲಗ್ ತೆಗೆಯುವುದನ್ನು ಮರೆತರೆ ರಿಸೀವರ್ ಪ್ರತಿ ಸಲವೂ ಹೊಸ ಜೋಡಿಗಾಗಿ ಕಾಯುತ್ತಾ ಕೂರುತ್ತದೆ. ಟ್ರಾನ್ಸ್‌ಮಿಟರ್ ಅನ್ನು ರಿಸೀವರ್‌ಗೆ ಒತ್ತಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಅತಿ ಬಲವಾದ ಸಂಕೇತದಿಂದ ಕೆಲವು ರಿಸೀವರ್‌ಗಳು ಕಿವುಡಾಗುತ್ತವೆ, ಒಂದೆರಡು ಮೀಟರ್ ದೂರ ಸರಿದರೆ ಆಗದಿದ್ದ ಬೈಂಡ್ ಆಗುತ್ತದೆ. ಕೊನೆಗೆ ಎರಡನ್ನೂ ಆರಿಸಿ, ಟ್ರಾನ್ಸ್‌ಮಿಟರ್ ಮೊದಲು, ರಿಸೀವರ್ ಆಮೇಲೆ ಹಚ್ಚಿ, ಪ್ರತಿ ಕೋಲಿಗೂ ಸರ್ವೊ ಸರಿಯಾದ ದಿಕ್ಕಿಗೆ ತಿರುಗುತ್ತದೆಯೇ ಎಂದು ಮಾದರಿಯ ಹಿಂದೆ ನಿಂತು ನೋಡಬೇಕು. ಫೇಲ್‌ಸೇಫ್ ಅನ್ನು ಬೇಕೆಂದೇ ಪರೀಕ್ಷಿಸಬೇಕು. ಪ್ರೊಪೆಲ್ಲರ್ ಇಲ್ಲದ ಮಾದರಿಯಲ್ಲಿ ಮೋಟಾರ್ ಅನ್ನು ಸ್ವಲ್ಪ ಓಡಿಸಿ ಟ್ರಾನ್ಸ್‌ಮಿಟರ್ ಆರಿಸಿದರೆ, ಮೋಟಾರ್ ನಿಲ್ಲಬೇಕು. ಕೊನೆಯ ಸ್ಥಾನವನ್ನೇ ಹಿಡಿದುಕೊಂಡು ಓಡುತ್ತಿದ್ದರೆ ಆ ಮಾದರಿಯನ್ನು ಮೈದಾನಕ್ಕೆ ಒಯ್ಯಬಾರದು. ದಿನದ ಬಳಕೆ ಮುಗಿಸಿ ಸ್ವಿಚ್ ಆರಿಸುವ ಕ್ರಮ ಹಚ್ಚುವ ಕ್ರಮಕ್ಕೆ ವಿರುದ್ಧ, ರಿಸೀವರ್ ಮೊದಲು.

ಆಂಟೆನಾ ಬಗ್ಗೆಯೂ ಎರಡು ಮಾತು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ರಿಸೀವರ್‌ನಿಂದ ಹೊರಟ ತೆಳು ತಂತಿಯ ತುದಿಯಲ್ಲಿ ಹೊರಕವಚವಿಲ್ಲದೆ ಕಾಣುವ ಸುಮಾರು 31 ಮಿಲಿಮೀಟರ್ ಭಾಗ ಅದರ ಕಾಲು ಪಾಲು. ಕೆಲಸ ಮಾಡುವುದು ಆ ತುದಿ ಮಾತ್ರ, ಉಳಿದದ್ದು ಸಂಕೇತ ಸಾಗಿಸುವ ಕೇಬಲ್. ಅದನ್ನು ಕತ್ತರಿಸುವುದು, ಮಡಚಿ ಟೇಪು ಸುತ್ತುವುದು, ಬ್ಯಾಟರಿಯ ಕೆಳಗೆ ಒತ್ತುವುದು ಮಾಡಬಾರದು. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬಕೋನದಲ್ಲಿ ನಿಲ್ಲಿಸಬೇಕು, ಏಕೆಂದರೆ ತಂತಿಯ ತುದಿ ನೇರವಾಗಿ ನಮ್ಮತ್ತ ತಿರುಗಿದಾಗ ಅದಕ್ಕೆ ಬಹುತೇಕ ಏನೂ ಕೇಳಿಸುವುದಿಲ್ಲ, ಆಗ ಇನ್ನೊಂದು ಕೇಳಿಸಿಕೊಳ್ಳುತ್ತದೆ. ಇದೇ ಕಾರಣಕ್ಕೆ ಟ್ರಾನ್ಸ್‌ಮಿಟರ್‌ನ ಆಂಟೆನಾ ತುದಿಯನ್ನು ಮಾದರಿಯತ್ತ ಗುರಿಯಿಟ್ಟು ಹಿಡಿಯಬಾರದು. ಕಾರ್ಬನ್ ಫೈಬರ್ ಮೈಯ ಮಾದರಿಯಲ್ಲಿ ಆಂಟೆನಾ ಹೊರಗೇ ಬರಬೇಕು, ಆ ವಸ್ತು ಅಲೆಗಳನ್ನು ಒಳಗೆ ಬಿಡುವುದಿಲ್ಲ. ಇಷ್ಟಾದ ಮೇಲೆ ಟ್ರಾನ್ಸ್‌ಮಿಟರ್‌ನ ರೇಂಜ್ ಪರೀಕ್ಷೆಯ ಕ್ರಮದಲ್ಲಿ ಶಕ್ತಿ ತಗ್ಗಿಸಿಕೊಂಡು ಮೂವತ್ತು ಹೆಜ್ಜೆ ನಡೆದು, ಒಮ್ಮೆ ಮೋಟಾರ್ ನಿಂತಿರುವಾಗ, ಇನ್ನೊಮ್ಮೆ ಸಹಾಯಕರು ಮಾದರಿಯನ್ನು ಹಿಂದಿನಿಂದ ಭದ್ರವಾಗಿ ಹಿಡಿದಿದ್ದು ಮೋಟಾರ್ ಓಡುತ್ತಿರುವಾಗ ನೋಡಬೇಕು. ಎರಡನೆಯ ಸಲ ಮಾತ್ರ ಸರ್ವೊ ನಡುಗಿದರೆ ತಂತಿಗಳನ್ನು ಮರಳಿ ಜೋಡಿಸಬೇಕಾಗಿದೆ ಎಂದರ್ಥ.

ತಮ್ಮ ಪುರವಣಿಯನ್ನು ಓದುವ ಮಕ್ಕಳು ಬಹಳ ಮಂದಿ. ಅವರಲ್ಲಿ ಕೆಲವರಾದರೂ ಆ ಲೇಖನವನ್ನು ಕತ್ತರಿಸಿಟ್ಟುಕೊಂಡು ಮೊದಲ ಸೆಟ್ ಕೊಳ್ಳಲು ಹಣ ಕೂಡಿಸುತ್ತಿರಬಹುದು. ಆದ್ದರಿಂದ ಮುಂದಿನ ಭಾನುವಾರದ ಪುರವಣಿಯಲ್ಲಿಯೇ, ಅದೇ ಪುಟದಲ್ಲಿ, ಆ ಒಂದು ವಾಕ್ಯಕ್ಕೆ ತಿದ್ದುಪಡಿ ಹಾಕಿ, ಟ್ರಾನ್ಸ್‌ಮಿಟರ್ ಮತ್ತು ರಿಸೀವರ್‌ಗಳ ಮೇಲಿನ ಪ್ರೊಟೊಕಾಲ್‌ನ ಹೆಸರು ಒಂದೇ ಇರಬೇಕೆಂದೂ, ಪ್ರೊಪೆಲ್ಲರ್ ಕಳಚಿಯೇ ಬೈಂಡ್ ಮಾಡಬೇಕೆಂದೂ ಎರಡು ಸಾಲು ಸೇರಿಸಬೇಕೆಂದು ವಿನಂತಿಸುತ್ತೇನೆ. ನನ್ನಲ್ಲಿಗೆ ಬಂದಿದ್ದ ಹುಡುಗನಿಗೆ ನನ್ನ ಡಬ್ಬಿಯಲ್ಲಿದ್ದ, ಅವನ ಟ್ರಾನ್ಸ್‌ಮಿಟರ್‌ಗೆ ಹೊಂದುವ ರಿಸೀವರ್ ಒಂದನ್ನು ಕೊಟ್ಟಿದ್ದೇನೆ. ಅದು ಮೊದಲ ಪ್ರಯತ್ನದಲ್ಲಿಯೇ ಬೈಂಡ್ ಆಯಿತು.

ಇತಿ ತಮ್ಮ ವಿಶ್ವಾಸಿ,
ಮಾದರಿ ವಿಮಾನಗಳ ಹವ್ಯಾಸಿ ಓದುಗ